ಮೀಸಲು ಓದು, ಬಳಕೆಯ ಓದು: ಇ-ರೀಡರ್ ಮತ್ತು ಬಹೂಪಯೋಗಿ ಪರದೆಗಳ ತೌಲನಿಕ ನೋಟ

ಓದಿನ ಚರಿತ್ರೆಯನ್ನು ಓದಿನ ಸಾಧನಗಳ ಚರಿತ್ರೆಯಿಂದ ಬೇರ್ಪಡಿಸಿ ನೋಡಲಾಗದು. ಕಲ್ಲು, ತಾಮ್ರಪಟ, ಓಲೆಗರಿ, ಕಡತ, ಕಾಗದ ಇವೆಲ್ಲ ಬರಹವನ್ನು ಹೊತ್ತು ತಂದಿವೆ. ಜೊತೆಗೆ ಯಾರು, ಎಲ್ಲಿ, ಹೇಗೆ ಓದಬೇಕೆಂಬುದನ್ನೂ ನಿರ್ಧರಿಸಿವೆ. ಈ ಸಾಲಿಗೆ ಇತ್ತೀಚೆಗೆ ವಿದ್ಯುನ್ಮಾನ ಪರದೆ ಸೇರಿದೆ. ಪರದೆಯಲ್ಲಿ ಎರಡು ಬಗೆಗಳಿವೆ. ಓದಿಗೆಂದೇ ರೂಪುಗೊಂಡ ಇ-ರೀಡರ್ ಒಂದು ಬಗೆ. ಮಾತು, ಚಿತ್ರ, ಹಣದ ವ್ಯವಹಾರ, ಆಟ, ಓದು ಎಲ್ಲವನ್ನೂ ಒಟ್ಟಿಗೆ ಹೊರುವ ಮೊಬೈಲು ಹಾಗೂ ಟ್ಯಾಬ್ಲೆಟ್ ಇನ್ನೊಂದು ಬಗೆ. ಇವೆರಡರಲ್ಲಿ ಓದಿಗೆ ಯಾವುದು ಲೇಸೆಂಬ ಚರ್ಚೆಯು ಸಾಮಾನ್ಯವಾಗಿ ಬೆಲೆ, ಬ್ಯಾಟರಿ ಮತ್ತು ಕಣ್ಣಿನ ಆಯಾಸದ ಸುತ್ತಲೇ ನಡೆಯುತ್ತದೆ. ಆದರೆ ಒಂದೇ ಕೆಲಸಕ್ಕೆ ಮೀಸಲಾದ ವಸ್ತು ಹಾಗೂ ಹಲವು ಕೆಲಸಗಳಿಗೆ ಒದಗುವ ವಸ್ತು ಎಂಬ ಭೇದವು ಜನಪದ ಬದುಕಿಗೆ ಹೊಸದಲ್ಲ. ರಾಯಚೂರು ಜಿಲ್ಲೆಯ ಹಟ್ಟಿ, ಲಿಂಗಸುಗೂರು, ಮಸ್ಕಿ, ಸಿಂಧನೂರು ಪರಿಸರದ ಓದಿನ ಪರಂಪರೆಯನ್ನು ಹಿನ್ನೆಲೆಯಾಗಿಟ್ಟುಕೊಂಡು ಈ ಭೇದವನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಒಂದು ಪರಿಸರ, ಹಲವು ಓದುಗಳು

ಹಟ್ಟಿಯ ಹೆಸರು ಚಿನ್ನದೊಡನೆ ಬೆಸೆದುಕೊಂಡಿದೆ. 2001ರಲ್ಲಿ ಕೋಲಾರದ ಗಣಿಗಳು ಮುಚ್ಚಿದ ಮೇಲಂತೂ ದೇಶದ ಚಿನ್ನದ ಉತ್ಪಾದನೆಯ ಮಾತು ಬಂದಾಗಲೆಲ್ಲ ಹಟ್ಟಿಯ ಹೆಸರೇ ಮೊದಲು ಬರುತ್ತದೆ. ಚಿನ್ನದ ಬೆನ್ನು ಹತ್ತಿದ ಕಣ್ಣೇ ಈ ಸೀಮೆಯ ಅತ್ಯಂತ ಹಳೆಯ ಬರಹವನ್ನು ಲೋಕಕ್ಕೆ ತೋರಿಸಿತೆಂಬುದು ಗಮನಾರ್ಹ. 1915ರಲ್ಲಿ ಚಿನ್ನದ ಗಣಿಗಾರಿಕೆಯ ಎಂಜಿನಿಯರ್ ಸಿ. ಬೀಡನ್ ಮಸ್ಕಿಯಲ್ಲಿ ಗುರುತಿಸಿದ ಬಂಡೆಗಲ್ಲಿನ ಶಾಸನದಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದಿನೊಂದಿಗೆ ಅಶೋಕನ ಹೆಸರೂ ಇತ್ತು. ಆ ಬಿರುದು ಯಾರದೆಂಬ ಪ್ರಶ್ನೆಗೆ ಇದರಿಂದ ಖಚಿತವಾದ ಉತ್ತರ ದೊರೆಯಿತು. ಆ ಬಂಡೆಯು ಒಂದೇ ಬರಹಕ್ಕೆ ಮೀಸಲಾದ ಓದುಸಾಧನ. ಅದನ್ನು ಒಯ್ಯಲಾಗದು, ಅಳಿಸಲಾಗದು, ಅದರ ಮೇಲೆ ಬೇರೊಂದನ್ನು ಬರೆಯಲಾಗದು. ಓದುವವರೇ ಅದರ ಬಳಿಗೆ ಹೋಗಬೇಕು.

ಸಿಂಧನೂರು ತಾಲೂಕಿನ ಅಂಬಾಮಠದ ಸಿದ್ಧಪರ್ವತವು ಇನ್ನೊಂದು ಬಗೆಯ ಓದಿಗೆ ಹೆಸರಾದ ಸ್ಥಳ. ಉತ್ತರ ಕರ್ನಾಟಕದ ಮನೆಮನೆಗಳಲ್ಲಿ ನವರಾತ್ರಿಯ ಕಾಲಕ್ಕೆ ಓದಿಸುವ ದೇವಿ ಪುರಾಣದ ಕರ್ತೃ ಚಿದಾನಂದಾವಧೂತರ ಹೆಸರು ಈ ಕ್ಷೇತ್ರದೊಂದಿಗೆ ಸೇರಿಕೊಂಡಿದೆ. ಘಟಸ್ಥಾಪನೆಯ ದಿನ ಆರಂಭವಾಗುವ ಪುರಾಣದ ಓದು ನವರಾತ್ರಿಯುದ್ದಕ್ಕೂ ಹಂಚಿಕೊಂಡು ನಡೆಯುತ್ತದೆ. ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ದೇವರ ಜಗಲಿಯ ಮೇಲೆ ಇಡುತ್ತಾರೆ. ಓದುವಾಗ ಅದನ್ನು ನೆಲಕ್ಕಿಡದೆ ವ್ಯಾಸಪೀಠದ ಮೇಲೆ ತೆರೆಯುತ್ತಾರೆ. ಒಬ್ಬರು ಓದಿದರೆ ಇನ್ನೊಬ್ಬರು ಅರ್ಥ ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಅಂದಿನ ಭಾಗ ಮುಗಿದೊಡನೆ ಮಂಗಳಾರತಿಯಾಗಿ ಪುಸ್ತಕ ಮುಚ್ಚುತ್ತದೆ. ಇಲ್ಲಿ ಓದಿಗೆ ಒಂದು ಹೊತ್ತಿದೆ, ಒಂದು ತಾಣವಿದೆ, ಒಂದು ವಸ್ತುವಿದೆ. ಆ ಹೊತ್ತಿನಲ್ಲಿ ಬೇರೆ ವ್ಯವಹಾರಕ್ಕೆ ಎಡೆಯಿಲ್ಲ.

ಓಲೆಗರಿ ಮತ್ತು ಕಡತ

ಕಾಗದ ಸುಲಭವಾಗಿ ದೊರೆಯುವ ಮೊದಲು ಕನ್ನಡ ನಾಡಿನಲ್ಲಿ ಬರಹಕ್ಕೆ ಎರಡು ಮುಖ್ಯ ಸಾಧನಗಳು ಬಳಕೆಯಲ್ಲಿದ್ದವು. ಇಂದಿನ ಎರಡು ಬಗೆಯ ಪರದೆಗಳನ್ನು ಅರಿಯಲು ಅವುಗಳ ಹೋಲಿಕೆ ನೆರವಾಗುತ್ತದೆ. ಓಲೆಗರಿಯ ಮೇಲೆ ಲೋಹದ ಮೊನೆಯ ಕಂಠದಿಂದ ಕೊರೆದು, ಮೇಲೆ ಮಸಿ ಸವರಿ ಒರೆಸಿದರೆ ಕೊರೆದ ಗೆರೆಗಳಲ್ಲಿ ಮಾತ್ರ ಕಪ್ಪು ಉಳಿದು ಅಕ್ಷರ ಎದ್ದು ಕಾಣುತ್ತದೆ. ಹಾಗೆ ಬರೆದ ಗರಿಗಳನ್ನು ದಾರಕ್ಕೆ ಪೋಣಿಸಿ, ಎರಡು ಹಲಗೆಗಳ ನಡುವೆ ಇರಿಸಿ ಕಟ್ಟುತ್ತಿದ್ದರು. ಒಮ್ಮೆ ಬರೆದ ಗರಿ ಮತ್ತೊಂದು ಬರಹಕ್ಕೆ ಒದಗದು. ಆದುದರಿಂದಲೇ ಉಳಿಯಬೇಕಾದ ಬರಹ, ಅಂದರೆ ಕಾವ್ಯ, ಪುರಾಣ, ವಚನ, ವೈದ್ಯ, ಓಲೆಗೆ ಸೇರಿತು.

ಕಡತದ ರೀತಿಯೇ ಬೇರೆ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿಯ ಲೇಪ ಕೊಟ್ಟು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಚಿದರೆ ಕಡತ ಸಿದ್ಧವಾಗುತ್ತಿತ್ತು. ಅದರ ಮೇಲೆ ಬಳಪದಿಂದ ಬರೆಯಬಹುದು, ಬೇಡವಾದಾಗ ಒರೆಸಬಹುದು, ಮತ್ತೆ ಲೇಪ ಕೊಟ್ಟು ಹೊಸದಾಗಿ ಬರೆಯಬಹುದು. ವರ್ತಕರ ಲೆಕ್ಕ, ಮಠಗಳ ಆಯವ್ಯಯ, ಸರ್ಕಾರದ ವ್ಯವಹಾರಗಳೆಲ್ಲ ಕಡತದಲ್ಲಿ ನಡೆದವು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಮಹತ್ವದ ಆಕರಗಳಾಗಿವೆ. ಕಪ್ಪು ಬಟ್ಟೆ ಕಣ್ಮರೆಯಾದರೂ ಕಚೇರಿಯ ಫೈಲಿಗೆ 'ಕಡತ' ಎಂಬ ಹೆಸರು ಉಳಿದಿದೆ.

ಓಲೆ ಉಳಿಕೆಯ ಸಾಧನ, ಕಡತ ವ್ಯವಹಾರದ ಸಾಧನ. ಒಂದು ಮತ್ತೊಂದನ್ನು ಹೊರದೂಡಲಿಲ್ಲ. ಲೆಕ್ಕವನ್ನು ಓಲೆಯಲ್ಲಿ ಕೊರೆಯುವುದು ದಂಡ. ಪುರಾಣವನ್ನು ಅಳಿಸಿಹೋಗುವ ಬಳಪಕ್ಕೆ ಒಪ್ಪಿಸುವುದು ಅಪಾಯ. ಇ-ರೀಡರ್ ಓಲೆಯ ಸ್ವಭಾವಕ್ಕೆ ಹತ್ತಿರದ್ದಾದರೆ, ಕ್ಷಣಕ್ಷಣಕ್ಕೂ ತನ್ನ ಮೈಯ ಬರಹವನ್ನು ಅಳಿಸಿ ಹೊಸತನ್ನು ತೋರುವ ಮೊಬೈಲು ಕಡತದ ಕುಲಕ್ಕೆ ಸೇರಿದ್ದು. ಆದರೆ ಹಿಂದೆ ಎರಡೂ ಸಾಧನಗಳು ಕನ್ನಡಕ್ಕೆ ಒದಗಿದ್ದವು. ಇಂದಿನ ಸ್ಥಿತಿ ಹಾಗಿಲ್ಲ.

ಮೀಸಲು ಎಂಬ ಪರಿಕಲ್ಪನೆ

ಜನಪದ ಸಂಸ್ಕೃತಿಯು ಈ ಭೇದವನ್ನು 'ಮೀಸಲು' ಎಂಬ ಒಂದೇ ಪದದಲ್ಲಿ ಹಿಡಿದಿದೆ. ದೇವರಿಗೆಂದು ಬೇರೆಯಾಗಿ ಇರಿಸಿದ ನೀರು ಮೀಸಲು ನೀರು, ಬೇರೆಯಾಗಿ ಮಾಡಿದ ಅಡುಗೆ ಮೀಸಲಡುಗೆ. ಮೀಸಲು ಗಡಿಗೆ ಮತ್ತು ಬಳಕೆಯ ಗಡಿಗೆ ಎರಡನ್ನೂ ಒಬ್ಬನೇ ಕುಂಬಾರ ಒಂದೇ ಮಣ್ಣಿನಿಂದ ಮಾಡಿರುತ್ತಾನೆ. ವ್ಯತ್ಯಾಸವಿರುವುದು ಮಣ್ಣಿನಲ್ಲಲ್ಲ, ಅದನ್ನು ಬೇರೆಯಿಟ್ಟ ನಡೆಯಲ್ಲಿ. ಆ ನಡೆ ತಪ್ಪಿದರೆ 'ಮೀಸಲು ಮುರಿಯಿತು' ಎನ್ನುತ್ತಾರೆ. ಒಕ್ಕಲುತನದ ಸಲಕರಣೆಗಳಲ್ಲಿಯೂ ಇದೇ ಬಗೆ ಕಾಣುತ್ತದೆ. ಕೂರಿಗೆ ಬಿತ್ತನೆಗಷ್ಟೇ ಹೊರಬರುತ್ತದೆ, ಪೂಜೆಗೊಳ್ಳುತ್ತದೆ, ಮತ್ತೆ ಒಳಸೇರುತ್ತದೆ. ಕುಡುಗೋಲಾದರೋ ಕೊಯ್ಲಿಗೂ ಮೇವಿಗೂ ಸೊಪ್ಪಿಗೂ ಒದಗುತ್ತ ದಿನವೂ ಕೈಯಲ್ಲಿರುತ್ತದೆ. ಎರಡರಲ್ಲಿ ಯಾವುದು ಮೇಲೆಂಬ ಪ್ರಶ್ನೆ ಒಕ್ಕಲಿಗನಿಗೆ ಹುಟ್ಟುವುದಿಲ್ಲ. ಯಾವ ಹೊತ್ತಿಗೆ ಯಾವುದು ಎಂಬ ವಿವೇಕ ಅವನಿಗಿದೆ.

ಇ-ರೀಡರ್‌ನ ನಿಜವಾದ ಗುಣವಿರುವುದು ಈ ಮೀಸಲಿನಲ್ಲಿ. ಅದರಲ್ಲಿ ಕರೆ ಬರುವುದಿಲ್ಲ, ಸಂದೇಶ ಇಣುಕುವುದಿಲ್ಲ, ಚಲನಚಿತ್ರ ಓಡುವುದಿಲ್ಲ. ಮೊಬೈಲಿನಲ್ಲಿ ಓದುತ್ತಿರುವಾಗ ಮೇಲಂಚಿನಲ್ಲಿ ಮೂಡುವ ಒಂದು ಸಾಲಿನ ಸೂಚನೆಯೂ ಮೀಸಲನ್ನು ಮುರಿಯುತ್ತದೆ. ಓದುಗನು ಆ ಸೂಚನೆಯನ್ನು ತೆರೆಯದಿದ್ದರೂ ಕಣ್ಣು ಒಮ್ಮೆ ಅತ್ತ ಹೊರಳಿರುತ್ತದೆ, ವಾಕ್ಯದ ಎಳೆ ತಪ್ಪಿರುತ್ತದೆ.

ಎರಡು ಪರದೆಗಳ ಕಾರ್ಯವಿಧಾನ

ಮೀಸಲಿನ ಗುಣದ ಜೊತೆಗೆ ಎರಡು ಪರದೆಗಳ ಭೌತಿಕ ಸ್ವರೂಪದಲ್ಲಿಯೂ ವ್ಯತ್ಯಾಸವಿದೆ. ಮೊಬೈಲು ಮತ್ತು ಟ್ಯಾಬ್ಲೆಟ್‌ಗಳ ಪರದೆ ತಾನೇ ಬೆಳಕನ್ನು ಸೂಸುತ್ತದೆ. ಎಲ್‌ಸಿಡಿ ಪರದೆಯ ಹಿಂಬದಿಯಲ್ಲಿ ದೀಪವಿರುತ್ತದೆ; ಓಎಲ್‌ಇಡಿ ಪರದೆಯಲ್ಲಿ ಪ್ರತಿಯೊಂದು ಚುಕ್ಕೆಯೂ ದೀಪವೇ. ಪರದೆಯಲ್ಲಿ ಚಿತ್ರ ನಿಲ್ಲಬೇಕಾದರೆ ವಿದ್ಯುತ್ತು ಸದಾ ಹರಿಯುತ್ತಿರಬೇಕು.

ಇ-ರೀಡರ್‌ನಲ್ಲಿ ಬಳಸುವ ಇ-ಶಾಯಿಯು ಬೇರೆ ತತ್ವದ ಮೇಲೆ ನಿಂತಿದೆ. ಅಮೆರಿಕದ ಎಂಐಟಿ ಸಂಸ್ಥೆಯ ಸಂಶೋಧನೆಯಿಂದ ಹೊಮ್ಮಿ 1997ರಲ್ಲಿ ಸ್ಥಾಪನೆಯಾದ ಇ ಇಂಕ್ ಕಂಪನಿಯು ಇದನ್ನು ಬೆಳೆಸಿತು. ಪರದೆಯ ಪದರದೊಳಗೆ ಕೂದಲೆಳೆಯ ದಪ್ಪದಷ್ಟು ಗಾತ್ರದ ಅಸಂಖ್ಯ ಗುಳಿಗೆಗಳಿರುತ್ತವೆ. ಪ್ರತಿ ಗುಳಿಗೆಯ ತಿಳಿದ್ರವದಲ್ಲಿ ಬಿಳಿಯ ಕಣಗಳೂ ಕರಿಯ ಕಣಗಳೂ ತೇಲುತ್ತಿದ್ದು, ಅವುಗಳ ವಿದ್ಯುದಂಶ ಪರಸ್ಪರ ವಿರುದ್ಧವಾಗಿರುತ್ತದೆ. ವಿದ್ಯುತ್ ಕ್ಷೇತ್ರದ ದಿಕ್ಕನ್ನು ಬದಲಿಸಿದಾಗ ಒಂದು ಬಣ್ಣದ ಕಣಗಳು ಮೇಲೇರಿ ಮತ್ತೊಂದು ಬಣ್ಣದವು ಕೆಳಗಿಳಿಯುತ್ತವೆ. ಹಾಗೆ ನೆಲೆಗೊಂಡ ಕಣಗಳು ವಿದ್ಯುತ್ತು ನಿಂತರೂ ಕದಲವು. ಪುಟ ತಿರುವುವಾಗ ಮಾತ್ರ ಪರದೆಗೆ ವಿದ್ಯುತ್ತು ಬೇಕಾಗುವುದರಿಂದ ಒಮ್ಮೆ ಚಾರ್ಜು ಮಾಡಿದ ಉಪಕರಣ ವಾರಗಟ್ಟಲೆ ನಡೆಯುತ್ತದೆ. ಅಕ್ಷರ ಕಾಣುವುದು ಸುತ್ತಣ ಬೆಳಕಿನಿಂದಾದ್ದರಿಂದ ರಾಯಚೂರು ಸೀಮೆಯ ಸುಡುಬಿಸಿಲಿನಲ್ಲಿಯೂ ಓದಲು ತೊಡಕಿಲ್ಲ. ಅದೇ ಬಿಸಿಲಿನಲ್ಲಿ ಮೊಬೈಲಿನ ಪರದೆ ಮಂಕಾಗುತ್ತದೆ. 2004ರಲ್ಲಿ ಜಪಾನಿನಲ್ಲಿ ಸೋನಿ ಕಂಪನಿಯ ಲಿಬ್ರಿಯೆ, 2007ರಲ್ಲಿ ಅಮೆರಿಕದಲ್ಲಿ ಅಮೆಜಾನ್‌ನ ಕಿಂಡಲ್ ಈ ಶಾಯಿಯನ್ನೇ ಬಳಸಿ ಮಾರುಕಟ್ಟೆಗೆ ಬಂದವು. ಇರುಳಿನ ಓದಿಗೆ ಒದಗುವಂತೆ ಪರದೆಯ ಅಂಚಿನಿಂದ ಪುಟದ ಮೇಲೆ ಬೆಳಕು ಹರಡುವ ಮಾದರಿಗಳು ಅನಂತರ ಬಂದವು.

ಸಂಶೋಧನೆಗಳ ಸೂಚನೆ

ಎರಡು ಪರದೆಗಳನ್ನು ಕುರಿತ ಅಧ್ಯಯನಗಳು ಒಂದೇ ಮಾತನ್ನು ಹೇಳುವುದಿಲ್ಲ. 2012ರಲ್ಲಿ ಸೀಗೆಂತಾಲರ್ ಮತ್ತು ಸಂಗಡಿಗರ ಅಧ್ಯಯನವು ದೀರ್ಘಕಾಲದ ಓದಿನಲ್ಲಿಯೂ ಎಲ್‌ಸಿಡಿ ಮತ್ತು ಇ-ಶಾಯಿಗಳ ನಡುವೆ ಆಯಾಸದ ಗಣನೀಯ ಅಂತರವನ್ನು ಕಾಣಲಿಲ್ಲ. ಮರುವರ್ಷ ಬೆನೆಡೆಟ್ಟೊ ಮತ್ತು ಸಂಗಡಿಗರು ಎಲ್‌ಸಿಡಿ ಪರದೆಯೇ ಕಣ್ಣಿಗೆ ಹೆಚ್ಚು ದಣಿವು ತರುತ್ತದೆಂದೂ ಇ-ಶಾಯಿಯು ಕಾಗದಕ್ಕೆ ಹತ್ತಿರವಿದೆಯೆಂದೂ ವರದಿ ಮಾಡಿದರು. ಕಣ್ಣಿನ ಆಯಾಸ ಒಂದನ್ನೇ ಆಧರಿಸಿ ತೀರ್ಪು ಕೊಡುವುದು ಅವಸರದ ಮಾತಾದೀತು.

ನಿದ್ರೆಯ ವಿಷಯದಲ್ಲಿ 2015ರಲ್ಲಿ ಪ್ರಕಟವಾದ ಒಂದು ಪ್ರಯೋಗ ಉಲ್ಲೇಖನೀಯ. ಮಲಗುವ ಮುನ್ನ ಬೆಳಕು ಸೂಸುವ ಟ್ಯಾಬ್ಲೆಟ್‌ನಲ್ಲಿ ಓದಿದಾಗ, ಮುದ್ರಿತ ಪುಸ್ತಕ ಓದಿದಾಗಿಗಿಂತ ನಿದ್ರೆ ತಡವಾಗಿ ಬಂದಿತು. ನಿದ್ರೆಯನ್ನು ನಿಯಂತ್ರಿಸುವ ಮೆಲಟೋನಿನ್ ಎಂಬ ರಸದ ಪ್ರಮಾಣವೂ ತಗ್ಗಿತು. ಪ್ರಯೋಗಕ್ಕೆ ಒಳಗಾದವರು 12 ಜನ ಮಾತ್ರ. ಆದರೂ ಹಟ್ಟಿಯಂತಹ ಗಣಿ ಊರಿನಲ್ಲಿ ಪಾಳಿಯ ದುಡಿಮೆಯವರಿಗೆ ನಿದ್ರೆಯೆಂಬುದು ಗಡಿಯಾರದೊಡನೆ ಗುದ್ದಾಡಿ ಪಡೆಯಬೇಕಾದ ವಸ್ತು. ಪಾಳಿ ಮುಗಿಸಿ ಬಂದವರ ಅರ್ಧ ಗಂಟೆಯ ಓದು ಯಾವ ಪರದೆಯ ಮೇಲೆ ನಡೆಯುತ್ತದೆಂಬುದು ಅವರ ಪಾಲಿಗೆ ಸಣ್ಣ ಸಂಗತಿಯಲ್ಲ.

ಗ್ರಹಿಕೆಯ ಬಗೆಗೆ 2018ರಲ್ಲಿ ಡೆಲ್ಗಾಡೊ ಮತ್ತು ಸಂಗಡಿಗರು 54 ಅಧ್ಯಯನಗಳನ್ನು, 1,70,000ಕ್ಕೂ ಹೆಚ್ಚು ಓದುಗರ ಮಾಹಿತಿಯನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಮಾಹಿತಿಪ್ರಧಾನ ಬರಹವನ್ನು, ಅದರಲ್ಲೂ ಕಾಲದ ಒತ್ತಡದಲ್ಲಿ ಓದುವಾಗ, ಕಾಗದವು ಪರದೆಗಿಂತ ಮುಂದಿತ್ತು. ಕಥನಗಳಷ್ಟನ್ನೇ ಓದಿದ ಅಧ್ಯಯನಗಳಲ್ಲಿ ಆ ಅಂತರ ಕಾಣಲಿಲ್ಲ. 2019ರಲ್ಲಿ ಆನ್ ಮಾಂಗೆನ್ ಮತ್ತು ಸಂಗಡಿಗರು 50 ಓದುಗರಿಗೆ 28 ಪುಟಗಳ ಒಂದು ಪತ್ತೇದಾರಿ ಕಥೆಯನ್ನು ಕೊಟ್ಟರು. ಅರ್ಧದಷ್ಟು ಜನ ಕಿಂಡಲ್‌ನಲ್ಲಿ, ಉಳಿದವರು ಮುದ್ರಿತ ಪುಸ್ತಕದಲ್ಲಿ ಓದಿದರು. ಕಥೆಯ ಒಟ್ಟು ಗ್ರಹಿಕೆಯಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಆದರೆ ಯಾವ ಘಟನೆಯ ಮುಂದೆ ಯಾವುದು ನಡೆಯಿತೆಂಬ ಕ್ರಮವನ್ನು ಪುಸ್ತಕ ಓದಿದವರು ಹೆಚ್ಚು ಸರಿಯಾಗಿ ಹೇಳಿದರು. ಎಡಗೈಯಲ್ಲಿ ಬೆಳೆಯುವ, ಬಲಗೈಯಲ್ಲಿ ಕರಗುವ ಪುಟಗಳ ದಪ್ಪವು ಓದುಗನ ನೆನಪಿಗೆ ಊರುಗೋಲಾಗುತ್ತದೆಂಬುದು ಇದಕ್ಕೆ ಅವರು ಸೂಚಿಸುವ ಕಾರಣ. ಮೀಸಲು ಪರದೆಯೂ ಪುಸ್ತಕದ ಎಲ್ಲ ಗುಣಗಳನ್ನು ಪಡೆದಿಲ್ಲವೆಂಬುದು ಇದರಿಂದ ಸ್ಪಷ್ಟ.

ಕನ್ನಡದ ಇಕ್ಕಟ್ಟು

ಮೇಲಿನ ಹೋಲಿಕೆಯೆಲ್ಲ ಎರಡೂ ಪರದೆಗಳಲ್ಲಿ ಓದಲು ಪುಸ್ತಕವಿದೆಯೆಂಬ ನಂಬಿಕೆಯ ಮೇಲೆ ನಿಂತಿದೆ. ಕನ್ನಡದ ಓದುಗನಿಗೆ ಈ ನಂಬಿಕೆಯೇ ಪ್ರಶ್ನೆಯಾಗಿ ಪರಿಣಮಿಸಿದೆ. 2016ರ ಡಿಸೆಂಬರಿನಲ್ಲಿ ಅಮೆಜಾನ್ ತನ್ನ ಕಿಂಡಲ್ ಮಳಿಗೆಯಲ್ಲಿ ಭಾರತೀಯ ಭಾಷೆಗಳ ಪುಸ್ತಕಗಳನ್ನು ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ ಎಂಬ ಐದು ಭಾಷೆಗಳಿದ್ದವು; ಕನ್ನಡವಿರಲಿಲ್ಲ. ಇತ್ತ ಮೊಬೈಲಿನಲ್ಲಿ ಕನ್ನಡಕ್ಕೆ ಬಾಗಿಲು ಬೇಗ ತೆರೆಯಿತು. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಲಿಪಿಗೆ ಸ್ಥಾನ ದೊರೆತಿತ್ತು. 2012ರ ಆಂಡ್ರಾಯ್ಡ್ 4.1 ಆವೃತ್ತಿಯಿಂದ ಕನ್ನಡದ ಅಕ್ಷರಗಳು ಅದರಲ್ಲಿ ಸರಿಯಾಗಿ ಮೂಡತೊಡಗಿದವು. 2020ರಲ್ಲಿ ಆರಂಭವಾದ ಮೈಲ್ಯಾಂಗ್ ಬುಕ್ಸ್‌ನಂತಹ ಕನ್ನಡದ ಇ-ಪುಸ್ತಕ ಹಾಗೂ ಕೇಳುಪುಸ್ತಕದ ಯತ್ನಗಳು ನೆಲೆ ಕಂಡುಕೊಂಡದ್ದು ಮೊಬೈಲಿನ ಮೇಲೆಯೇ. ಹೀಗೆ ಕನ್ನಡದ ಓದು ಮೀಸಲು ಪರದೆಯನ್ನು ಹಾಯದೆ ನೇರವಾಗಿ ಬಳಕೆಯ ಪರದೆಗೆ ಇಳಿಯಿತು.

ಇನ್ನೊಂದು ತೊಡಕು ಪಠ್ಯದ ರೂಪಕ್ಕೆ ಸಂಬಂಧಿಸಿದ್ದು. ಅಂತರ್ಜಾಲದಲ್ಲಿ ದೊರೆಯುವ ಹಳೆಯ ಕನ್ನಡ ಗ್ರಂಥಗಳಲ್ಲಿ ಬಹುಪಾಲು ಪುಟದ ಚಿತ್ರಗಳಾಗಿವೆ. ಡೆಮಿ ಅಷ್ಟದಳದ ಪುಟದ ಎತ್ತರ ಸುಮಾರು ಎಂಟೂವರೆ ಅಂಗುಲ. ಆರು ಅಂಗುಲದ ಇ-ರೀಡರ್ ಪರದೆಯ ಎತ್ತರ ಐದು ಅಂಗುಲಕ್ಕೂ ಕಡಿಮೆ. ಇಡೀ ಪುಟವನ್ನು ಅದರೊಳಗೆ ಕೂರಿಸಿದರೆ ಅಕ್ಷರದ ಗಾತ್ರ ಅರ್ಧಕ್ಕಿಂತ ತುಸುವಷ್ಟೇ ಹೆಚ್ಚು ಉಳಿಯುತ್ತದೆ. ಆಗ ಮೊದಲು ಕಣ್ಣಿಗೆ ತಪ್ಪುವುದು ಅಕ್ಷರದ ಅಡಿಯಲ್ಲಿ ಕೂರುವ ಒತ್ತು. ಮೊಬೈಲಿನಲ್ಲಿ ಬೆರಳಿನಿಂದ ಪುಟವನ್ನು ಹಿಗ್ಗಿಸಿ ಸರಿಸುತ್ತ ಓದಬಹುದು. ನಿಧಾನವಾಗಿ ಬದಲಾಗುವ ಇ-ಶಾಯಿಯಲ್ಲಿ ಅದು ಬೇಸರದ ಕೆಲಸ. ಅಕ್ಷರವನ್ನು ಹಿಗ್ಗಿಸಿದಾಗ ಸಾಲುಗಳು ತಾವೇ ಮರುಜೋಡಣೆಗೊಳ್ಳುವಂತಹ ಯೂನಿಕೋಡ್ ಪಠ್ಯವಿದ್ದರೆ ಈ ತೊಂದರೆಯಿಲ್ಲ. ಆದರೆ ಹಳೆಯ ಅಕ್ಷರಶೈಲಿಗಳಲ್ಲಿ ಜೋಡಿಸಿದ ಪುಸ್ತಕಗಳನ್ನು ಯೂನಿಕೋಡಿಗೆ ತರುವಾಗ ಅರ್ಕಾವೊತ್ತು, ಒತ್ತಕ್ಷರಗಳು ಸ್ಥಾನಪಲ್ಲಟಗೊಳ್ಳುವುದುಂಟು. ಇವುಗಳನ್ನು ಸಾಲು ಸಾಲಾಗಿ ತಿದ್ದುವ ಕೈ ಬೇಕು. ವಚನಗಳನ್ನು ಹುಡುಕಬಲ್ಲ ಪಠ್ಯವಾಗಿ ಒದಗಿಸಿದ 'ವಚನ ಸಂಚಯ'ದಂತಹ ಕಾರ್ಯವು ಇಂತಹ ದುಡಿಮೆಯ ಫಲ.

ಆಂಡ್ರಾಯ್ಡ್ ಆಧಾರದ ಇ-ಶಾಯಿ ಉಪಕರಣಗಳೂ ಬಂದಿದ್ದು, ಅವುಗಳಲ್ಲಿ ಕನ್ನಡದ ಆಪ್‌ಗಳನ್ನು ಅಳವಡಿಸಿಕೊಳ್ಳಬಹುದು. ಅವು ಎರಡೂ ಕುಲಗಳ ನಡುವಣ ಸಂತಾನ. ಆದರೆ ಮೊಬೈಲಿರುವ ಮನೆಗೆ ಓದಿಗೆಂದೇ ಮತ್ತೊಂದು ಉಪಕರಣ ಕೊಳ್ಳುವುದು ಹಟ್ಟಿಯ ಕಾರ್ಮಿಕ ಕುಟುಂಬಕ್ಕಾಗಲಿ ಸಿಂಧನೂರಿನ ಭತ್ತದ ಗದ್ದೆಯ ಕೂಲಿಕಾರರಿಗಾಗಲಿ ಸುಲಭದ ಮಾತಲ್ಲ.

ನಾದವುಳ್ಳ ಸಾಹಿತ್ಯ ಮತ್ತು ಪರದೆ

ಜನಪದ ಸಾಹಿತ್ಯದ ದೃಷ್ಟಿಯಿಂದ ಬಹೂಪಯೋಗಿ ಪರದೆಯ ಪರವಾಗಿ ಹೇಳಬೇಕಾದ ಮಾತೊಂದಿದೆ. ಕನ್ನಡದಲ್ಲಿ 'ಓದು' ಎಂಬ ಕ್ರಿಯೆ ಮೂಲತಃ ಮೌನದ್ದಲ್ಲ. ಗಟ್ಟಿಯಾಗಿ ಹೇಳಿ ಕೇಳಿಸುವುದು ಅದರ ಹಳೆಯ ಅರ್ಥ. ಮದುವೆಯಲ್ಲಿ ಮುಯ್ಯಿಯನ್ನು 'ಓದಿಸುವ' ರೂಢಿಯಲ್ಲಿ ಆ ಅರ್ಥ ಇನ್ನೂ ಉಳಿದಿದೆ. ಲಿಂಗಸುಗೂರು ತಾಲೂಕಿನ ಮುದಗಲ್ಲು ಮೊಹರಂ ಆಚರಣೆಗೆ ಹೆಸರಾದ ಊರು. ಹಿಂದೂ ಮುಸ್ಲಿಮರಿಬ್ಬರೂ ಕೂಡಿ ಹಾಡುವ ಮೊಹರಂ ಪದಗಳು, ಭಜನೆಯ ಮೇಳಗಳು ಹಾಡುವ ತತ್ವಪದಗಳು ಧಾಟಿಯಿಲ್ಲದೆ ಪೂರ್ಣವಾಗವು. ಇವನ್ನು ಹಾಡುಗಾರರು ಕೈಬರಹದ ವಹಿಗಳಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಆ ವಹಿಯ ಪಕ್ಕದಲ್ಲಿ ಈಗ ಮೊಬೈಲು ಕುಳಿತಿದೆ. ಅದು ಪದದ ಸಾಲನ್ನು ತೋರುತ್ತದೆ, ಧಾಟಿಯನ್ನು ಕೇಳಿಸುತ್ತದೆ, ಹೊಸದಾಗಿ ಹಾಡಿದ್ದನ್ನು ದಾಖಲಿಸುತ್ತದೆ. ಇ-ರೀಡರ್ ಇಲ್ಲಿ ಮಾತು ಬಾರದ ಮೂಕ. ಏಕಾಂತದ ದೀರ್ಘ ಓದಿಗೆ ಅದು ಹೇಳಿ ಮಾಡಿಸಿದ್ದಾದರೂ ಕೂಟದ ಓದಿಗೆ ಒದಗಲಾರದು.

ಆದುದರಿಂದ ಪ್ರಶ್ನೆಯನ್ನು ಸಾಧನದಿಂದ ನಡೆಯ ಕಡೆಗೆ ತಿರುಗಿಸಬೇಕಾಗುತ್ತದೆ. ದೇವಿ ಪುರಾಣದ ಪುಸ್ತಕ ಅಂಗಡಿಯಲ್ಲಿದ್ದಾಗ ಇತರ ಪುಸ್ತಕಗಳಂತೆ ಕಾಗದವೇ. ಜಗಲಿಯನ್ನು ಏರಿದ ಮೇಲೆ, ನಿಗದಿಯಾದ ಹೊತ್ತಿಗೆ ತೆರೆದ ಮೇಲೆ ಅದು ಮೀಸಲಾಗುತ್ತದೆ. ಮೊಬೈಲಿಗೂ ಇಂತಹ ಮೀಸಲನ್ನು ಕೊಡಲು ಬರುತ್ತದೆ. ಓದುವ ಹೊತ್ತಿಗೆ ಅಂತರ್ಜಾಲದ ಸಂಪರ್ಕ ಕಡಿದು, ಸೂಚನೆಗಳನ್ನು ತಡೆದು, ಪುಸ್ತಕವನ್ನು ಮೊದಲೇ ಇಳಿಸಿಕೊಂಡು, ಪರದೆಯ ಬೆಳಕನ್ನು ತಗ್ಗಿಸಿ ಕುಳಿತರೆ ಬಳಕೆಯ ಗಡಿಗೆಯೂ ಅಷ್ಟು ಹೊತ್ತು ಮೀಸಲು ಗಡಿಗೆಯಾಗುತ್ತದೆ. ಆದರೆ ಈ ನಿಯಮವನ್ನು ಓದುಗನೇ ದಿನದಿನವೂ ಕಾಯಬೇಕು. ಇ-ರೀಡರ್‌ನಲ್ಲಿ ಆ ಕಾವಲನ್ನು ಉಪಕರಣವೇ ಹೊತ್ತಿರುತ್ತದೆ. ಎರಡರ ನಡುವಣ ಮುಖ್ಯ ವ್ಯತ್ಯಾಸ ಇದೇ.

ಸಮಾರೋಪ

ಇ-ರೀಡರ್ ಮತ್ತು ಬಹೂಪಯೋಗಿ ಪರದೆಗಳು ಒಂದರ ಎದುರು ಇನ್ನೊಂದು ನಿಂತ ವೈರಿಗಳಲ್ಲ. ಓಲೆ ಮತ್ತು ಕಡತಗಳಂತೆ ಬೇರೆ ಬೇರೆ ಕೆಲಸಗಳಿಗೆ ಹುಟ್ಟಿದವು. ಏಕಾಗ್ರತೆ, ದೀರ್ಘ ಓದು, ನಿದ್ರೆ, ಬಿಸಿಲು ಇವುಗಳ ದೃಷ್ಟಿಯಿಂದ ಮೀಸಲು ಪರದೆಗೆ ಮೇಲುಗೈಯಿದೆ. ಕೂಟದ ಓದು, ಧ್ವನಿ, ಹುಡುಕಾಟ, ಕೈಗೆಟಕುವಿಕೆ ಇವುಗಳಲ್ಲಿ ಬಳಕೆಯ ಪರದೆ ಮುಂದಿದೆ. ಈ ಆಯ್ಕೆ ಓದುಗನ ಇಷ್ಟಕ್ಕೆ ಮಾತ್ರ ಸೇರಿದ್ದಲ್ಲ. ಹಿಂದೆ ಕನ್ನಡಿಗನಿಗೆ ಓಲೆಯೂ ಇತ್ತು, ಕಡತವೂ ಇತ್ತು. ಇಂದು ಕಡತವೊಂದೇ ಕೈಯಲ್ಲಿದ್ದು ಓಲೆ ದೂರವುಳಿದರೆ, ಕನ್ನಡದ ಓದು ಸದಾ ಕರೆ, ಸಂದೇಶಗಳ ನಡುವೆ ಬಿಡುವು ಮಾಡಿಕೊಂಡು ನಡೆಯಬೇಕಾಗುತ್ತದೆ. ನಮ್ಮ ಪ್ರಕಾಶಕರು, ಅಕಾಡೆಮಿಗಳು, ವಿಶ್ವವಿದ್ಯಾಲಯಗಳು ತಮ್ಮ ಗ್ರಂಥಗಳನ್ನು ಪುಟದ ಚಿತ್ರವಾಗಿ ಅಲ್ಲ, ಯಾವ ಪರದೆಯಲ್ಲಿಯೂ ಸರಿಯಾಗಿ ಹರಿಯುವ ಯೂನಿಕೋಡ್ ಪಠ್ಯವಾಗಿ ಒದಗಿಸುವುದು ಇದಕ್ಕೆ ಮೊದಲ ಹೆಜ್ಜೆ. ಸಂಗ್ರಹಿತ ಜನಪದ ಪದಗಳಿಗಂತೂ ಪಠ್ಯದೊಡನೆ ಧಾಟಿಯ ದಾಖಲೆಯೂ ಸೇರಬೇಕು. ಮಸ್ಕಿಯ ಬಂಡೆಯ ಬರಹ ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ಉಳಿದಿತ್ತು. ಆದರೆ ಓದಬಲ್ಲ ಕಣ್ಣು ಅದರ ಮುಂದೆ ಬಂದು ನಿಂತದ್ದು 1915ರಲ್ಲಿ. ಬರಹವನ್ನು ಉಳಿಸುವಷ್ಟೇ ಕಾಳಜಿಯಿಂದ ಅದನ್ನು ಓದುವ ಹೊತ್ತನ್ನೂ ಓದುವ ಕಣ್ಣನ್ನೂ ಮೀಸಲಾಗಿ ಉಳಿಸಿಕೊಳ್ಳಬೇಕಾಗಿದೆ.